ಶುಕ್ರಕ್ಕ ಅಯಸ್ಕಾಂತ ಅದ ಏನ್ರಿ ಸರ್?

ನನ್ನ ಕೆಲಸ ಊರೂರಿಗೆ ತಾರಾಲಯ ಹೊತ್ತು ತಿರುಗುವುದು. ಜೀಪಿನ ಹಿಂದೆ ಮಡಚಿಟ್ಟ ಗುಡಾರ, ಗಾಳಿ ತುಂಬುವ ದೊಡ್ಡ ಫ್ಯಾನು, ಪ್ರೊಜೆಕ್ಟರ್, ಲ್ಯಾಪ್‌ಟಾಪ್. ಫ್ಯಾನ್ ಹಾಕಿದ ಹತ್ತು ನಿಮಿಷಕ್ಕೆ ಗುಡಾರ ಉಬ್ಬಿ ನಿಲ್ಲುತ್ತದೆ. ಕಲಬುರಗಿ ಮಕ್ಕಳು ಅದಕ್ಕೆ ಗುಮ್ಮಟ ಅಂತಾರೆ. ಹಫ್ತ್ ಗುಂಬಜ್, ಅಂದರೆ ಏಳು ಗುಮ್ಮಟ, ಇರುವ ಊರಲ್ವಾ, ಇನ್ನೇನು ಅನ್ನಬೇಕು! ಒಂದು ಸಲಕ್ಕೆ 30 ಮಕ್ಕಳು, ಬಗ್ಗಿ ಒಳಗೆ ನುಸುಳಬೇಕು.

ಒಳಗೆ ನಾಲ್ಕು ವರ್ಷ ಒಂದೇ ಕಥೆ ಹೇಳಿದೆ. ಮಂಗಳನಲ್ಲಿ ಹಿಂದೆ ದಟ್ಟ ಗಾಳಿ ಇತ್ತು, ನೀರು ಹರಿಯುತ್ತಿತ್ತು. ಸುಮಾರು 400 ಕೋಟಿ ವರ್ಷಗಳ ಹಿಂದೆ ಅದರ ಕಾಂತಕ್ಷೇತ್ರ ಅಳಿದುಹೋಯಿತು. ಆಮೇಲೆ ಸೌರ ಮಾರುತ, ಅಂದರೆ ಸೂರ್ಯನಿಂದ ಸದಾ ಬೀಸುವ ಕಣಗಳ ಹೊಳೆ, ಬಂದು ಗಾಳಿಯನ್ನು ಬಾಚಿಕೊಂಡು ಹೋಯಿತು. ಹೀಗೆ ಹೇಳುತ್ತ ಗುಡಾರದ ಬಟ್ಟೆ ತಟ್ಟುತ್ತಿದ್ದೆ. "ಈ ಬಟ್ಟೆ ಇದ್ದ ಹಾಗೆ ನಮ್ಮ ಭೂಮಿಗೆ ಕಾಂತದ ಕವಚ. ಬಟ್ಟೆ ಹರಿದರೆ ಗಾಳಿ ಇರುತ್ತಾ?" ಮಕ್ಕಳು "ಇಲ್ಲಾ" ಅಂತ ಕೂಗುತ್ತಿದ್ದರು. ನನಗೂ ಖುಷಿ.

ಕಳೆದ ಡಿಸೆಂಬರ್‌ನಲ್ಲಿ ಜೇವರ್ಗಿ ತಾಲೂಕಿನ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗ ಕೈ ಎತ್ತಿದ. "ಸರ್, ಶುಕ್ರಕ್ಕ ಅಯಸ್ಕಾಂತ ಅದ ಏನ್ರಿ?" ಇಲ್ಲ ಅಂದೆ. "ಮತ್ತ ಅದಕ್ಕ ಅಷ್ಟ ಗಾಳಿ ಹ್ಯಾಂಗ್ ಉಳೀತ್ರಿ?"

ಹತ್ತು ನಿಮಿಷದ ಹಿಂದೆ ನಾನೇ ಹೇಳಿದ್ದೆ: ಶುಕ್ರನ ನೆಲದ ಮೇಲಿನ ಗಾಳಿಯ ಒತ್ತಡ ನಮ್ಮದಕ್ಕಿಂತ 90 ಪಟ್ಟು ಜಾಸ್ತಿ ಅಂತ. ಎರಡನ್ನೂ ಒಂದೇ ಬಾಯಲ್ಲಿ ನೂರಾರು ಸಲ ಹೇಳಿದ್ದರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. "ಅದು ಬೇರೆ ವಿಷಯ" ಅಂತ ಏನೋ ಗೊಣಗಿ ಶನಿಗ್ರಹದ ಬಳೆ ಹಾಕಿಬಿಟ್ಟೆ. ಬಳೆ ತೋರಿಸಿದರೆ ಎಂಥ ಪ್ರಶ್ನೆಯೂ ಮರೆತುಹೋಗುತ್ತದೆ. ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಉಪಾಯ ಅದು.

ರಾತ್ರಿ ಲಾಡ್ಜ್‌ನಲ್ಲಿ ಕೂತು ಓದಿದೆ. ತಪ್ಪು ಬಟ್ಟೆಯಲ್ಲೇ ಇತ್ತು. ಗ್ರಹದ ಗಾಳಿಯನ್ನು ಹಿಡಿದಿಡುವುದು ಹೊದಿಕೆ ಅಲ್ಲ, ಗ್ರಹದ ಸೆಳೆತ. ಮಂಗಳನನ್ನು ಬಿಟ್ಟು ಹೋಗಲು ಸೆಕೆಂಡಿಗೆ 5 ಕಿ.ಮೀ. ವೇಗ ಸಾಕು. ಭೂಮಿಯಿಂದ 11.2 ಬೇಕು, ಶುಕ್ರನಿಂದ 10.4. ಶುಕ್ರನ ಗಾಳಿ ಬಹುಪಾಲು ಇಂಗಾಲದ ಡೈಆಕ್ಸೈಡ್, ಭಾರದ ಅನಿಲ, ಅದು ಸುಲಭಕ್ಕೆ ಏಳುವುದಿಲ್ಲ. ನೀರು ಒಡೆದು ಬಂದ ಹಗುರವಾದ ಹೈಡ್ರೋಜನ್ ಹೆಚ್ಚಾಗಿ ಎದ್ದು ಹೋಯಿತು, ಹೀಗೆ ಶುಕ್ರನ ನೀರೂ ಹೋಯಿತು. ಶನಿಯ ಚಂದ್ರ ಟೈಟನ್ನದು ಇನ್ನೊಂದು ತಲೆನೋವು. ಸೆಳೆತ ಕಮ್ಮಿ, ಆದರೂ ಒತ್ತಡ ನಮ್ಮದರ ಒಂದೂವರೆ ಪಟ್ಟು. ಅಲ್ಲಿ ಸೊನ್ನೆಗಿಂತ 180 ಡಿಗ್ರಿ ಕೆಳಗಿನ ಚಳಿ. ಕಣಗಳಿಗೆ ಓಡುವ ತ್ರಾಣವೇ ಇಲ್ಲ. ಕಾಂತಕ್ಷೇತ್ರ ಎಷ್ಟು ಕಾಯುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ವಾದ ನಡೆದಿದೆ. ಕವಚ ಇರುವ ಭೂಮಿಯ ಧ್ರುವಗಳಿಂದಲೂ ಆಮ್ಲಜನಕದ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಇರುವ ಕಣಗಳು, ಹೊರಗೆ ಸೋರುತ್ತಿವೆ.

ಮಾರನೇ ದಿನ ಅದೇ ಶಾಲೆಯಲ್ಲಿ ಇನ್ನೆರಡು ಪ್ರದರ್ಶನ ಇತ್ತು. ಆ ಹುಡುಗನನ್ನು ಕರೆದು, "ನಿನ್ನೆ ನಾನು ಹೇಳಿದ್ದು ಅರ್ಧ ಸರಿ ಇತ್ತಪ್ಪ" ಅಂದೆ. ಅವನಿಗೆ ಅದರಿಂದ ಏನೂ ಅನಿಸಿದಂತೆ ಕಾಣಲಿಲ್ಲ, ಮತ್ತೆ ಒಳಗೆ ಬಿಡ್ತೀರಾ ಅಂತ ಕೇಳಿದ.

ಬಟ್ಟೆ ಬಿಟ್ಟೆ, ಸರಿ. ಬೇರೆ ಉದಾಹರಣೆ ಬೇಕಲ್ವಾ? ಅದನ್ನು ಕೊಟ್ಟಿದ್ದು ಬಿಸಿಯೂಟದ ಅಡುಗೆಯವರು. ಕೊನೆಯ ಪ್ರದರ್ಶನಕ್ಕೆ ಸೆರಗಿಗೆ ಕೈ ಒರೆಸುತ್ತ ಬಂದು ಕೂತಿದ್ದರು. ಮೇವನ್ ನೌಕೆಯ ಕೆಲಸ ವಿವರಿಸುತ್ತಿದ್ದೆ. ನಾಸಾದ ಆ ನೌಕೆ 2014ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಂಗಳಯಾನಕ್ಕಿಂತ ಎರಡು ದಿನ ಮೊದಲು ಮಂಗಳನನ್ನು ತಲುಪಿತ್ತು. ಅದು ಆರ್ಗಾನ್ ಅನಿಲದ ಹಗುರ ಮತ್ತು ಭಾರದ ಪರಮಾಣುಗಳನ್ನು ಎಣಿಸಿತು. ಆರ್ಗಾನ್ ಕಲ್ಲಿನೊಳಗೆ ಸೇರಿ ಅಡಗುವುದಿಲ್ಲ, ಹೋದರೆ ಮೇಲಕ್ಕೇ ಹೋಗಬೇಕು. ಹಗುರವಾದದ್ದು ಜಾಸ್ತಿ ಹೋಗಿ, ಭಾರದ್ದು ಹಿಂದೆ ಉಳಿದಿದೆ. ಉಳಿದ ಪ್ರಮಾಣ ನೋಡಿ, ಮಂಗಳನ ಆರ್ಗಾನ್‌ನಲ್ಲಿ ಸುಮಾರು 65% ಹೋಗಿದೆ ಅಂತ 2017ರಲ್ಲಿ ಲೆಕ್ಕ ಕೊಟ್ಟರು. ಮಕ್ಕಳು ಆಕಳಿಸುತ್ತಿದ್ದರು. ಹಿಂದಿನಿಂದ ಆ ಅಡುಗೆಯ ಆಯಿ ಅಂದರು, "ತೊಗರಿ ತೂರಿದಂಗ ಅಲ್ಲೇನ್ರಿ? ಹೊಟ್ಟು ಹಾರ್ತದ, ಕಾಳ್ ಬೀಳ್ತದ."

ಅಷ್ಟೇ ನೋಡಿ! ಆಗ ತೊಗರಿ ರಾಶಿಯ ಕಾಲ. ಬರುವಾಗ ಡಾಂಬರು ರಸ್ತೆ ತುಂಬ ತೊಗರಿ ಹರವಿದ್ದರು, ನಮ್ಮ ಜೀಪೂ ಅದರ ಮೇಲೇ ಬಂದಿತ್ತು. ಕಣದಲ್ಲಿ ನಿಂತು ಮೊರ ಎತ್ತದ ಮಗು ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಗ್ರಹದ ಸೆಳೆತ, ಬಿಸಿಲು, ಸೌರ ಮಾರುತ, ಅನಿಲದ ತೂಕ ಎಲ್ಲವೂ ಆ ಮೊರದಲ್ಲಿ ಕೂರುತ್ತವೆ.

ಲೆಕ್ಕದ ಭಾಷೆಯನ್ನೂ ಬದಲಾಯಿಸಿದೆ. ಈಗ ಮಂಗಳನಿಂದ ಸೆಕೆಂಡಿಗೆ ಸುಮಾರು 100 ಗ್ರಾಂ ಅನಿಲ ಹೋಗುತ್ತಿದೆ ಅಂದರೆ ಮಕ್ಕಳು "ಅಷ್ಟ ಏನ್ರಿ" ಅಂತ ನಗುತ್ತಿದ್ದರು. ಈಗ ದಿನಕ್ಕೆ 86 ಕ್ವಿಂಟಲ್ ಅನ್ನುತ್ತೇನೆ. ತೊಗರಿ ಬೆಳೆಯುವ ಮನೆಯ ಮಕ್ಕಳಿಗೆ ಕ್ವಿಂಟಲ್ ಅಂದರೆ ಏನು ಅಂತ ನಾನು ಹೇಳಿಕೊಡಬೇಕಿಲ್ಲ. ಸೂರ್ಯ ಚಿಕ್ಕವನಿದ್ದಾಗ ಅಬ್ಬರ ಜಾಸ್ತಿ ಇತ್ತು, ಆಗ ಇದಕ್ಕಿಂತ ಎಷ್ಟೋ ಜಾಸ್ತಿ ಹೋಗಿದೆ ಅಂತ ಸೇರಿಸುತ್ತೇನೆ.

ಕಚೇರಿಯಲ್ಲಿ ಇದು ಯಾರಿಗೂ ಹಿಡಿಸಲಿಲ್ಲ. ಕವಚ ಒಡೆಯುವ ದೃಶ್ಯಕ್ಕೇ ಚಪ್ಪಾಳೆ ಬೀಳೋದು, ಅದನ್ನು ಯಾಕೆ ಕೆಡಿಸ್ತೀರಿ ಅಂದರು. ದೃಶ್ಯ ತೆಗೆದಿಲ್ಲ. ಅದಾದ ಕೂಡಲೇ ಶುಕ್ರನನ್ನು ತೋರಿಸಿ, ಆ ಹುಡುಗನ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಐದು ನಿಮಿಷ ಉದ್ದವಾಗಿದೆ, ದಿನಕ್ಕೆ ಒಂದು ಪ್ರದರ್ಶನ ಕಮ್ಮಿಯಾಗಿದೆ. ವರದಿಯಲ್ಲಿ ಆ ಅಂಕಿ ಕಾಣುತ್ತದೆ, ಏನು ಮಾಡೋದು.

ಹೋದ ವಾರ ಚಿಂಚೋಳಿಯಲ್ಲಿ ಒಬ್ಬ ಹುಡುಗಿ ಹೊರಗೆ ಬಂದಮೇಲೆ ಕೇಳಿದಳು, "ನಮ್ಮ ಗಾಳಿನೂ ಹೊಂಟದ ಏನ್ರಿ?" ಹೌದಮ್ಮ, ಹೈಡ್ರೋಜನ್ ಸೆಕೆಂಡಿಗೆ ಸುಮಾರು 3 ಕಿಲೋ ಹೋಗುತ್ತದೆ, ನಮ್ಮ ಗಾಳಿಯ ರಾಶಿ ಎಷ್ಟು ದೊಡ್ಡದೆಂದರೆ ಅದು ಲೆಕ್ಕಕ್ಕೇ ಇಲ್ಲ ಅಂದೆ. ಲೆಕ್ಕಕ್ಕಿಲ್ಲ ಅನ್ನುವ ಮಾತನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ. ಗೆಳತಿಯ ಪೆನ್ ಇಸಕೊಂಡು ಅಂಗೈ ಮೇಲೆ ಗುಣಾಕಾರ ಮಾಡುತ್ತ ನಿಂತಳು. ನಾನು ಮುಂದಿನ ತಂಡವನ್ನು ಒಳಗೆ ಬಿಡುತ್ತಿದ್ದಾಗ ಓಡಿ ಬಂದು ಕೈ ತೋರಿಸಿದಳು: ದಿನಕ್ಕೆ 2,592 ಕ್ವಿಂಟಲ್.