ಸೂಜಿಮೆಣಸು ನೆಟ್ಟವರು ಯಾರು?

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1993ರಲ್ಲಿ. ಆಗ ನಮ್ಮ ಹೈಸ್ಕೂಲಿನಲ್ಲಿ ಪ್ರಯೋಗಾಲಯ ಇರಲಿಲ್ಲ. ಒಂದು ಮರದ ಕಪಾಟು, ಅದರೊಳಗೆ ನಾಲ್ಕು ಪ್ರನಾಳ, ಒಂದು ಸ್ಪಿರಿಟ್ ದೀಪ, ಅಷ್ಟೇ. ಮೊದಲ ವಿಜ್ಞಾನದ ಪಿರಿಯಡ್‌ಗೆ ಮಾಸ್ತರು ಬರಿಗೈಲಿ ಬಂದರು. ಪುಸ್ತಕ ತೆಗೆಯಿರಿ ಅನ್ನಲೇ ಇಲ್ಲ. "ನಿಮ್ಮನೆ ಹಿತ್ತಲಲ್ಲಿ ಸೂಜಿಮೆಣಸಿನ ಗಿಡ ಇದೆಯಲ್ಲ, ಅದನ್ನ ನೆಟ್ಟವರು ಯಾರು? ಕೇಳಿಕೊಂಡು ಬನ್ನಿ" ಅಂದರು.

ಮನೆಗೆ ಹೋಗಿ ಆಯಿಯನ್ನು ಕೇಳಿದೆ. "ಅದನ್ನ ಯಾರು ನೆಡ್ತಾರೆ? ತಾನಾಗೇ ಹುಟ್ಟತ್ತೆ" ಅಂದಳು. ಮಾರನೇ ದಿನ ನೋಡಿದರೆ ಎಲ್ಲರದ್ದೂ ಅದೇ ಉತ್ತರ. ಮಾಸ್ತರು ತಲೆಯಾಡಿಸಿ, "ಭಾನುವಾರ ಬೆಳಿಗ್ಗೆ ಗಿಡದ ಹತ್ತಿರ ಸುಮ್ನೆ ಕೂತು ನೋಡಿ" ಅಂದರು.

ನಾನು ಬಚ್ಚಲಮನೆ ಹಿಂದಿನ ಗಿಡ ಕಾಯುತ್ತಾ ಕೂತೆ. ಕಡ್ಡಿಯಷ್ಟು ಸಣ್ಣ ಹಣ್ಣುಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಸ್ವಲ್ಪ ಹೊತ್ತಿಗೆ ಒಂದು ಪಿಕಳಾರ ಬಂತು. ತಲೆ ಮೇಲೆ ಕರಿ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಹಸಿರು ಕಾಯಿ ಬಿಟ್ಟು ಕೆಂಪು ಹಣ್ಣನ್ನೇ ಕಿತ್ತು ಇಡಿಯಾಗಿ ನುಂಗಿತು. ಇನ್ನೊಂದು. ಮತ್ತೊಂದು. ನಾವು ಒಂದನ್ನು ಕಚ್ಚಿದರೆ ಕಣ್ಣಲ್ಲಿ ನೀರು ಬರುತ್ತೆ, ಅದಕ್ಕೆ ಏನೂ ಆಗಲಿಲ್ಲ!

ಸೋಮವಾರ ಎಲ್ಲರೂ ಒಟ್ಟಿಗೇ ಕೂಗಿದೆವು, "ಹಕ್ಕಿಗೆ ಖಾರ ಆಗಲ್ವಾ ಸರ್?" ಅವರು ಉತ್ತರ ಹೇಳಲಿಲ್ಲ. "ಸಕ್ಕರೆಯನ್ನ ಅಂಗೈಗೆ ತಿಕ್ಕಿದರೆ ಕೈಗೆ ಸಿಹಿ ಅನ್ನಿಸುತ್ತಾ?" ಇಲ್ಲ ಸರ್. "ಮೆಣಸು ಜಜ್ಜಿದ ಕೈ?" ಉರಿಯುತ್ತೆ ಸರ್. "ಹಾಗಾದರೆ ಖಾರ ರುಚಿಯೋ, ನೋವೋ?"

ಆ ಪ್ರಶ್ನೆ ಕೇಳಿದ ಕ್ಷಣ ನನಗೆ ಈಗಲೂ ನೆನಪಿದೆ. ಹುಟ್ಟಿದಾಗಿನಿಂದ ತಿನ್ನುತ್ತಾ ಬಂದ ಖಾರ ರುಚಿಯೇ ಅಲ್ಲ. ಬಾಯಿಗೆ ಬೆಂಕಿ ತಗುಲಿದೆ ಅಂತ ನರಗಳು ಮೋಸ ಹೋಗಿ ಕೂಗಿಕೊಳ್ಳುವುದು. ಮೆಣಸು ತಿಂದಾಗಲೂ ಬಾಯಿ ಉರಿ, ಬೆಂಕಿ ಹೊತ್ತಿದರೂ ಉರಿ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅಲ್ವಾ? ಹಕ್ಕಿಗಳ ನರಕ್ಕೆ ಮೆಣಸಿನ ಈ ಮೋಸ ತಟ್ಟುವುದಿಲ್ಲ. ಇಲಿ ತಿಂದರೆ ಬೀಜ ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತೆ. ಹಲ್ಲಿಲ್ಲದ ಹಕ್ಕಿಯ ಹೊಟ್ಟೆಯಿಂದ ಬೀಜ ಹಾಗೇ ಹೊರಗೆ ಬಂದು ಬೇಲಿ ಬುಡದಲ್ಲಿ ಮೊಳೆಯುತ್ತೆ. ಗಿಡ ತನಗೆ ಬೇಕಾದ ಅತಿಥಿಯನ್ನು ಆರಿಸಿಕೊಂಡಿದೆ. ಅದೂ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಬಂದ ಗಿಡ, ನಮ್ಮ ಪಿಕಳಾರವನ್ನು ಹೇಗೆ ಕೆಲಸಕ್ಕೆ ಹಚ್ಚಿದೆ ನೋಡಿ.

ಆಮೇಲೆ ಮಾಸ್ತರು ಎರಡು ಲೋಟ ಇಟ್ಟರು. ಒಂದರಲ್ಲಿ ನೀರು, ಒಂದರಲ್ಲಿ ಮೊಸರು. ನಾನು ಮುಂದೆ ಹೋಗಿ ಅರ್ಧ ಮೆಣಸು ಕಚ್ಚಿದೆ. ನೀರು ಕುಡಿದಷ್ಟೂ ಉರಿ ಬಾಯಿ ತುಂಬಾ ಹರಡಿತು. ಮೊಸರಿಗೆ ತಣಿಯಿತು. ಖಾರದ ಅಂಶ ನೀರಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತೆ. ಅದನ್ನು ನನ್ನ ನಾಲಿಗೆಯೇ ನನಗೆ ಹೇಳಿಕೊಟ್ಟಿತು.

ಮೂರು ವರ್ಷ ಹೀಗೇ ನಡೆಯಿತು. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಒಂದು ಕೂಡುವ ಗುರುತು, ನಾಲ್ಕು ಬೆರಳು ಬಲಕ್ಕೆ ಒಂದು ಚುಕ್ಕೆ. ಎಡಗಣ್ಣು ಮುಚ್ಚಿ, ಗುರುತನ್ನೇ ನೋಡುತ್ತಾ ಪುಸ್ತಕ ಹತ್ತಿರ ತಂದರೆ ಚುಕ್ಕೆ ಮಾಯ! ಕಣ್ಣಿನಿಂದ ನರ ಹೊರಡುವ ಜಾಗ ಕುರುಡು. ಆ ತೂತನ್ನು ಮಿದುಳು ಗೊತ್ತಾಗದ ಹಾಗೆ ತುಂಬಿಬಿಡುತ್ತೆ. ಇನ್ನೊಂದು ದಿನ ಬೆಂಕಿಕಡ್ಡಿಯ ಬುಡಕ್ಕೆ ಡ್ರಾಯಿಂಗ್ ಪಿನ್ ಚುಚ್ಚಿ, ಮಣಿಕಟ್ಟಿನ ನಾಡಿ ಮೇಲೆ ನಿಲ್ಲಿಸಿದೆವು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೂತಿತ್ತು. ಸಾಲು ಸಾಲು ಕಡ್ಡಿಗಳು ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದವು, ಒಬ್ಬೊಬ್ಬರದ್ದು ಒಂದೊಂದು ಲಯ. ನಿಮಿಷಕ್ಕೆ 72 ಅಂದರೆ ದಿನಕ್ಕೆ 1,03,680 ಸಲ. ಲೆಕ್ಕ ಮುಗಿದ ಮೇಲೂ ನಾನು ಕಡ್ಡಿ ತೆಗೆಯಲಿಲ್ಲ.

2021ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ನೊಬೆಲ್ ಸುದ್ದಿ ಓದಿ ಎದ್ದು ನಿಂತುಬಿಟ್ಟೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರಿಗೆ ಬಂದಿತ್ತು. ಮೆಣಸಿನ ಖಾರವನ್ನೇ ಹಿಡಿದುಕೊಂಡು ಹೋಗಿ ಜೂಲಿಯಸ್ ತಂಡ 1997ರಲ್ಲಿ ಉರಿಯ ಸುದ್ದಿಯನ್ನು ನರದೊಳಗೆ ಬಿಡುವ ಬಾಗಿಲಿನಂಥ ಪ್ರೋಟೀನನ್ನು ಪತ್ತೆ ಮಾಡಿತ್ತು. ಸುಮಾರು 43 ಡಿಗ್ರಿ ದಾಟಿದ ಬಿಸಿಗೂ, ಮೆಣಸಿಗೂ ಅದೇ ಬಾಗಿಲು ತೆರೆಯುತ್ತೆ.

ಕೂಡಲೇ ಮಾಸ್ತರಿಗೆ ಫೋನ್ ಮಾಡಿದೆ. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಎಲ್ಲ ಕೇಳಿಸಿಕೊಂಡು, "ಹಕ್ಕಿ ವಿಷಯ ಏನಾದರೂ ಹೇಳಿದ್ದಾರಾ?" ಅಂದರು. ಹುಡುಕಿ ರಾತ್ರಿ ಮತ್ತೆ ಫೋನ್ ಮಾಡಿದೆ. 2002ರಲ್ಲಿ ಜೂಲಿಯಸ್ ಅವರೇ ಜೊತೆಗಾರರೊಬ್ಬರೊಡನೆ ಕೋಳಿಯ ನರದ ಬಾಗಿಲನ್ನು ಪರೀಕ್ಷಿಸಿದ್ದರು. ಬಿಸಿಗೆ ತೆರೆಯುತ್ತೆ, ಮೆಣಸಿಗೆ ತೆರೆಯಲ್ಲ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಾಸ್ತರು ಅಂದರು, "ಕೋಳಿ ನಮ್ಮೂರಲ್ಲೇ ಬೇಕಾದಷ್ಟು ಇದ್ದವಲ್ಲೋ. ನಾವೂ ಒಂದು ಹಿಡಿ ಮೆಣಸು ಹಾಕಿ ನೋಡಬಹುದಿತ್ತು, ಅಲ್ವಾ?"