ಒಂದಕ್ಕೆ ಇಪ್ಪತ್ತು

ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿ, ಐದು ವರ್ಷದ ಕೋರ್ಸು. ಮೊದಲೆರಡು ವರ್ಷ ಕೈ ಪಳಗುವುದರಲ್ಲೇ ಕಳೆದುಹೋಗುತ್ತದೆ. ಮೂರನೇ ವರ್ಷದಲ್ಲಿ ಸ್ವಲ್ಪ ಕೊಬ್ಬು ಬರುತ್ತದೆ. ಅದನ್ನು ಕರಗಿಸುವುದಕ್ಕೆ ಅಂತಲೇ ನಾಲ್ಕನೇ ವರ್ಷದ ಡಿಸೈನ್ ಸ್ಟುಡಿಯೋ (ಕಟ್ಟಡದ ವಿನ್ಯಾಸ ಮಾಡಿಸುವ ತರಗತಿ) ಇಟ್ಟಿದ್ದಾರೆ ಅಂತ ನನ್ನ ಅನುಮಾನ. ಕಾಲೇಜಿನ ನೆನಪು ಅಂದರೆ ಕ್ಯಾಂಟೀನು, ಫೆಸ್ಟುಗಳ ಬಗ್ಗೆ ಬರೆಯಲು ಬೇರೆಯವರು ಇದ್ದೇ ಇರುತ್ತಾರೆ. ನಾನು ಆ ಒಂದು ಸೆಮಿಸ್ಟರ್ ಬಗ್ಗೆ ಮಾತ್ರ ಬರೆಯುತ್ತೇನೆ.

ಅದು 2017. ನಮಗೆ ಸಿಕ್ಕ ಪ್ರಾಜೆಕ್ಟ್ ಮೈಸೂರಿನ ದೇವರಾಜ ಮಾರುಕಟ್ಟೆ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ, ರಿಪೇರಿ ನಡೆಯುತ್ತಿದ್ದಾಗಲೇ, ಅದರ ಉತ್ತರ ಬಾಗಿಲಿನ ಕಡೆಯ ಒಂದು ಭಾಗ ಕುಸಿದಿತ್ತು. 2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತಿದ್ದರು. ಹಾಗಾಗಿ ಊರಿನಲ್ಲಿ ಎರಡು ಬಣ. ಕೆಡವಿ ಹೊಸದು ಕಟ್ಟಿ ಅನ್ನುವವರು ಒಂದು ಕಡೆ, ರಿಪೇರಿ ಮಾಡಿ ಉಳಿಸಿ ಅನ್ನುವವರು ಇನ್ನೊಂದು ಕಡೆ. ಮುಂದೆ ಆ ಜಗಳ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ನಮ್ಮ ಕ್ಲಾಸಿನಲ್ಲೂ ಅದೇ ಎರಡು ಬಣ ಆಗಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ನಮ್ಮ ಮೇಡಂ ಮಾತ್ರ ಯಾವ ಕಡೆಗೂ ವಾಲಲಿಲ್ಲ. "ಮೊದಲು ಅಳೆದುಕೊಂಡು ಬನ್ನಿ" ಅಂದರು, ಅಷ್ಟೇ.

ಅಳೆಯಲು ಹೋದದ್ದು ದಸರಾಕ್ಕೆ ಮುಂಚೆ! ಬೂದುಗುಂಬಳದ ರಾಶಿ, ಬಾಳೆಕಂದು, ಹೂವಿನ ಬುಟ್ಟಿ ದಾಟಿ ಟೇಪ್ ಎಳೆಯಲು ಜಾಗವೇ ಇರಲಿಲ್ಲ. ಒಬ್ಬ ಟೇಪಿನ ತುದಿ ಹಿಡಿಯಬೇಕು, ಒಬ್ಬಳು ಓದಿ ಕೂಗಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ಕೂಗಿದ್ದು ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ವೀಳ್ಯದೆಲೆ ಮಾರುವ ಒಬ್ಬ ಅಜ್ಜಿ ನಮ್ಮನ್ನು ಸುಮಾರು ಹೊತ್ತು ನೋಡಿ ಕೇಳಿದರು: "ಏನಪ್ಪಾ ಅಳೀತಿದ್ದೀರಿ, ಒಡೆದು ಹಾಕಕ್ಕಾ?"

"ಇಲ್ಲ ಅಜ್ಜಿ, ಕಾಲೇಜಿಂದ ಬಂದಿದೀವಿ."

"ಎಲ್ರೂ ಏನಾರ ಒಂದು ಹೇಳ್ಕಂಡೇ ಬರ್ತಾರೆ."

ಹಾಗಂದರೂ ಟೇಪಿಗೆ ಅಡ್ಡವಾಗಿದ್ದ ಬುಟ್ಟಿಯನ್ನು ಅವರೇ ಪಕ್ಕಕ್ಕೆ ಸರಿಸಿಕೊಟ್ಟರು.

ವಾಪಸ್ ಬಂದು ನಾವೆಲ್ಲ ಶುರು ಮಾಡಿದ್ದು ಪ್ಲಾನ್‌ನಿಂದ, ಅಂದರೆ ಮೇಲಿಂದ ನೋಡಿದಂತೆ ಬರೆಯುವ ನಕ್ಷೆಯಿಂದ. ಹಿಂದಿನ ವರ್ಷ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂಗೆ ಕೇಸ್ ಸ್ಟಡಿಗೆ ಹೋಗಿದ್ದೆವು. ಆರ್ಕಿಟೆಕ್ಟ್ ಬಿ.ವಿ. ದೋಶಿಯವರು ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕ್ಯಾಂಪಸ್ಸು ಅದು. ಒರಟು ಕಲ್ಲಿನ ಗೋಡೆ, ಅಂಗಳಕ್ಕೆ ತೆರೆದುಕೊಳ್ಳುವ ಉದ್ದುದ್ದ ಓಣಿ, ಪರ್ಗೋಲಾ (ಮೇಲೆ ಬರೀ ಅಡ್ಡಪಟ್ಟಿಗಳಿರುವ ಚಪ್ಪರ) ಸಂದಿಯಿಂದ ನೆಲದ ಮೇಲೆ ಬೀಳುವ ಬಿಸಿಲಿನ ಪಟ್ಟೆ. ಅದನ್ನು ನೋಡಿ ಬಂದ ಮೇಲೆ ನಮ್ಮ ಬ್ಯಾಚಿನಲ್ಲಿ ಪರ್ಗೋಲಾ ಇಲ್ಲದ ಡಿಸೈನೇ ಇರಲಿಲ್ಲ. ಬಸ್ ಸ್ಟಾಪಿಗೂ ಪರ್ಗೋಲಾ. ಮುಂದೆ 2018ರ ಮಾರ್ಚ್‌ನಲ್ಲಿ ದೋಶಿಯವರಿಗೆ ಆರ್ಕಿಟೆಕ್ಚರ್‌ನ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂದಾಗ ನಮಗೇ ಬಂದಷ್ಟು ಖುಷಿಪಟ್ಟೆವು, ಆ ಮಾತು ಬೇರೆ. ಮಾರುಕಟ್ಟೆಯ ಪ್ಲಾನ್‌ಗಳಲ್ಲೂ ಅದೇ ಅಂಗಳ, ಅದೇ ಪರ್ಗೋಲಾ.

ಮೇಡಂ ನಾವು ಪ್ಲಾನ್ ಬರೆದಿದ್ದ ಬಟರ್ ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. "ಪ್ಲಾನ್ ಆಮೇಲೆ ನೋಡೋಣ. ಒಂದೇ ಒಂದು ಗೋಡೆ ಆರಿಸ್ಕೊಳ್ಳಿ. ಪಾಯದಿಂದ ಪ್ಯಾರಪೆಟ್‌ವರೆಗೆ, 1:20ರಲ್ಲಿ ಸೆಕ್ಷನ್ ಬರೆದು ತನ್ನಿ."

ಡ್ರಾಯಿಂಗ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ಸೆಕ್ಷನ್ ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿ ಒಳಗೇನಿದೆ ಎಂದು ತೋರಿಸುವ ಚಿತ್ರ. ಪ್ಯಾರಪೆಟ್ ಅಂದರೆ ಚಾವಣಿ ಅಂಚಿನ ಮೋಟುಗೋಡೆ. 1:20 ಅಂದರೆ ನಿಜದ ಅಳತೆಯ ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿ ಬರೆಯುವುದು. 1:500ರಲ್ಲಿ ಒಂದೂವರೆ ಅಡಿ ಗೋಡೆ ಒಂದು ಮಿಲಿಮೀಟರಿಗೂ ಕಡಿಮೆ. ಒಂದು ದಪ್ಪ ಗೆರೆ ಎಳೆದರೆ ಮುಗಿಯಿತು. 1:20ರಲ್ಲಿ ಅದೇ ಗೋಡೆ ಎರಡು ಸೆಂಟಿಮೀಟರ್ ದಾಟುತ್ತದೆ. ಅಲ್ಲಿ ಬರೀ ಗೆರೆ ಸಾಲದು. ಇಟ್ಟಿಗೆ ಹೇಗೆ ಕೂತಿದೆ, ತೊಲೆಯ ತುದಿ ಗೋಡೆಯೊಳಗೆ ಎಷ್ಟು ಹೋಗಿದೆ, ಗಾರೆ ಎಷ್ಟು ದಪ್ಪ, ಎಲ್ಲ ತೋರಿಸಬೇಕು. ಗೊತ್ತಿಲ್ಲದ ಜಾಗ ಹಾಳೆಯ ಮೇಲೆ ಖಾಲಿಯಾಗಿ ಕಾಣುತ್ತದೆ.

ನಮಗೆ ಖಾಲಿ ಉಳಿದದ್ದು ಚಾವಣಿ. ಹಳೇ ಮೈಸೂರಿನ ಎಷ್ಟೋ ಕಟ್ಟಡಗಳಂತೆ ಇಲ್ಲೂ ಮದ್ರಾಸ್ ತಾರಸಿ. ಹೆಸರು ಕೇಳಿದ್ದೆವು, ಒಳಗೇನಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆವು. ತೊಲೆಗಳ ಮೇಲೆ ಒತ್ತೊತ್ತಾಗಿ ಜಂತೆ. ಅದರ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುವುದು. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರಂತೆ. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವುದು. ಮೇಸ್ತ್ರಿ ಇದನ್ನೆಲ್ಲ ಹೇಳುತ್ತಾ ಬೆರಳಿನಿಂದ ಮೇಜು ಬಡಿದು ತೋರಿಸಿದರು. ಸರಿಯಾಗಿ ಗಟ್ಟಿಯಾದಾಗ ಸದ್ದು ಬದಲಾಗುತ್ತದಂತೆ.

ಇದನ್ನು ಬರೆದುಕೊಂಡು ಹೋಗಿ ತೋರಿಸಿದರೆ ಮೇಡಂ ಕೇಳಿದ್ದು ಒಂದೇ: "ನೀರು ಎಲ್ಲಿಗೆ ಹೋಗುತ್ತೆ?"

ಆ ಪ್ರಶ್ನೆ ಹಿಡಿದುಕೊಂಡು ಹಾಳೆ ನೋಡಿದಾಗ ಇಂಥ ಕಟ್ಟಡ ಏಕೆ ಬೀಳುತ್ತದೆ ಅನ್ನುವುದೂ ಕಾಣತೊಡಗಿತು. ಮಳೆನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ. ಪ್ಯಾರಪೆಟ್ ಬುಡದಲ್ಲಿ ಅರಳಿ ಸಸಿ ಬೇರು ಬಿಡುತ್ತದೆ. ನೀರು ಗೋಡೆಯೊಳಗೆ ಇಳಿದು ತೊಲೆಯ ತುದಿಗೆ ತಾಗುತ್ತದೆ. ಕೆಳಗೆ ನಿಂತು ನೋಡುವವರಿಗೆ ತೊಲೆ ಗಟ್ಟಿಯಾಗೇ ಕಾಣುತ್ತದೆ, ಕೊಳೆಯುವುದು ಗೋಡೆಯೊಳಗಿನ ತುದಿ. ಸೋರುತ್ತದೆ ಅಂತ ಮೇಲೆ ಇನ್ನೊಂದು ಪದರ ಸಿಮೆಂಟ್ ಹಾಕಿದರೆ ಭಾರ ಬೇರೆ. ಇದಾದ ಮೇಲೆ ನಮ್ಮ ಎರಡು ಬಣಗಳ ಜಗಳದ ಧಾಟಿಯೇ ಬದಲಾಯಿತು. ಉಳಿಸಬೇಕಾ ಬೇಡವಾ ಅನ್ನುವುದು ಹಿಂದೆ ಸರಿದು, ಯಾವ ತೊಲೆ ಬದಲಿಸಬೇಕು, ಆ ರಿಪೇರಿ ಮುಗಿಯುವವರೆಗೆ ಅಂಗಡಿಯವರು ಎಲ್ಲಿ ಕೂರಬೇಕು ಅನ್ನುವುದಕ್ಕೆ ಬಂತು. ನಾನು ಉಳಿಸುವವರ ಕಡೆಯಿದ್ದೆ, ಈಗಲೂ ಅಲ್ಲೇ ಇದ್ದೇನೆ.

ಜ್ಯೂರಿ, ಅಂದರೆ ಮಾಡಿದ ಕೆಲಸವನ್ನು ಪರೀಕ್ಷಕರ ಮುಂದಿಟ್ಟು ವಿವರಿಸುವುದು, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹಿಂದಿನ ರಾತ್ರಿ ಎಲ್ಲರೂ ನಿದ್ದೆಗೆಟ್ಟು ಮಾಡೆಲ್ ಅಂಟಿಸಿದೆವು. ಕಟ್ಟರ್ ತಾಗಿದ ಬೆರಳು, ಫೆವಿಕ್ವಿಕ್ ಅಂಟಿದ ಬೆರಳು, ಎಲ್ಲ ಮಾಮೂಲಿ. ಈ ನಿದ್ದೆಗೇಡನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಚಾಳಿ ನನಗೆ ಆಗಲೂ ಹಿಡಿಸುತ್ತಿರಲಿಲ್ಲ. ಮಾತು ಬಲ್ಲವರಿಗೆ ಜ್ಯೂರಿಯಲ್ಲಿ ಮಾರ್ಕ್ಸ್ ಒಂದಿಷ್ಟು ಜಾಸ್ತಿ ಬೀಳುತ್ತದೆ ಅನ್ನುವುದೂ ಸುಳ್ಳಲ್ಲ, ಅಲ್ವಾ? ಆದರೆ ಆ ಸಲ ಹೊರಗಿನಿಂದ ಬಂದಿದ್ದ ಆರ್ಕಿಟೆಕ್ಟ್ ನಮ್ಮ ಥ್ರೀಡಿ ಚಿತ್ರಗಳನ್ನು ನೋಡಲೇ ಇಲ್ಲ. ಸೀದಾ 1:20 ಹಾಳೆಯ ಮುಂದೆ ನಿಂತು ಕೇಳಿದರು: "ಈ ಗಟರ್‌ನಲ್ಲಿ ಕಸ ಕಟ್ಕೊಂಡ್ರೆ ತೆಗೆಯೋನು ಎಲ್ಲಿ ನಿಲ್ತಾನೆ?" ಪ್ಯಾರಪೆಟ್ ಪಕ್ಕ ಎರಡಡಿ ಅಗಲದ ದಾರಿ ಬಿಟ್ಟಿದ್ದೆವು. ಬೆರಳಿಟ್ಟು ತೋರಿಸಿದೆ. ಅವರು ತಲೆಯಾಡಿಸಿ ಮುಂದಿನ ಗುಂಪಿನ ಕಡೆ ಹೋದರು. ಮೇಡಂ ಹಿಂದೆ ನಿಂತು ಚಹಾ ಕುಡಿಯುತ್ತಿದ್ದರು, ಏನೂ ಹೇಳಲಿಲ್ಲ.

ಈಗ ಓದುತ್ತಿರುವವರಿಗೆ ಒಂದು ಮಾಹಿತಿ. ಆ ಅಳತೆಯ ಡ್ರಾಯಿಂಗ್‌ಗಳ ಒಂದು ಸೆಟ್ ನಮ್ಮ ಕಾಲೇಜಿನ ಲೈಬ್ರರಿಗೆ ಕೊಟ್ಟಿದ್ದೆವು. ಬೇಕಾದವರು ಬಳಸಿಕೊಳ್ಳಬಹುದು. ಕುಸಿದಿದ್ದ ಭಾಗದ ಸುತ್ತ ಹೋಗಲು ಆಗದೆ ಅದೊಂದನ್ನು ಚುಕ್ಕಿ ಗೆರೆಯಲ್ಲಿ ಬಿಟ್ಟಿದ್ದೇವೆ. ಅಲ್ಲಿನ ಅಳತೆ ನಂಬಬೇಡಿ.