ಅಂಗಾಲಿನ ಮಚ್ಚೆ

ಇವತ್ತು ಜಯನಗರ ನಾಲ್ಕನೇ ಬ್ಲಾಕಲ್ಲಿ ಚಪ್ಪಲಿ ಹೊಲಿಸೋಕೆ ನಿಂತಿದ್ದವರೊಬ್ಬರ ಅಂಗಾಲಲ್ಲಿ ಕಪ್ಪು ಮಚ್ಚೆ. ಅಂಚು ಹರಡಿದ ಶಾಯಿ ಥರ.

ಇಂಥ ಮಚ್ಚೆ ಪರೀಕ್ಷಿಸೋಕೆ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಅಂತಿದೆ, ಚರ್ಮ ಕೊಯ್ಯದೇನೇ ಜೀವಕೋಶ ತೋರಿಸುತ್ತೆ. 830 ನ್ಯಾನೋಮೀಟರ್ ಲೇಸರ್. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಆ ಬೆಳಕನ್ನ ವಾಪಸ್ ಚೆಲ್ಲುತ್ತೆ, ಕಣ್ಣಿಗೆ ಕಪ್ಪಗಿರೋದು ಪರದೆ ಮೇಲೆ ಬೆಳ್ಳಗೆ! ಮೇಲ್ಪದರದಲ್ಲಿ ದೊಡ್ಡ ದುಂಡನೆಯ ಬಿಳಿ ಕೋಶಗಳು ಚದುರಿದ್ರೆ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಅನುಮಾನ. ಲೆನ್ಸ್ ಕೆಳಗಿನ ಜೆಲ್‌ನಲ್ಲಿ ಒಂದು ಗುಳ್ಳೆ ಉಳಿದ್ರೂ ಅಷ್ಟು ಜಾಗ ಮಾಯ.

ಆದ್ರೆ ಅದು ಇಳಿಯೋದು ಕಾಲು ಮಿಲಿಮೀಟರ್ ಅಷ್ಟೇ. ಅಂಗಾಲಿನ ದಪ್ಪ ಚರ್ಮಕ್ಕೆ ಸಾಲದು. ನಮ್ಮಲ್ಲಿ ಮೆಲನೋಮಾ ಹೆಚ್ಚಾಗಿ ಕಾಣೋ ಜಾಗಗಳಲ್ಲಿ ಅದೂ ಒಂದು, ನೋಡಿ. ಅಲ್ಲಿಗೆ ಚರ್ಮ ನೋಡೋ ದೀಪದ ಭೂತಗನ್ನಡಿ, ಡರ್ಮೋಸ್ಕೋಪೇ ಗತಿ: ಬಣ್ಣ ಚರ್ಮದ ಗೆರೆಗಳ ತಗ್ಗಲ್ಲಿದ್ರೆ ಸಾಮಾನ್ಯವಾಗಿ ಸಾದಾ ಮಚ್ಚೆ, ಉಬ್ಬಿನ ಮೇಲಿದ್ರೆ ಬಯಾಪ್ಸಿ, ಅಂದ್ರೆ ಚೂರು ತೆಗೆದು ಪರೀಕ್ಷೆ.

ಚಪ್ಪಲಿ ಹೊಲಿಸ್ತಿದ್ದವರಿಗೆ ಮಚ್ಚೆ ಬಗ್ಗೆ ಹೇಳಿದ್ರೆ, "ಚಪ್ಪಲಿ ಬಣ್ಣ ಹತ್ತಿರ್ಬೇಕು ಬಿಡಿ" ಅಂದ್ರು.